ಚಾಮುಂಡೇಶ್ವರಿ ಎಲ್ಲಿಗೆ ಹೋದಳು?

2008ರ ಮೇ ತಿಂಗಳು. ನಮ್ಮೂರು ಮೈಸೂರು ತಾಲ್ಲೂಕಿನ ವರುಣಾ ಹೋಬಳಿಯಲ್ಲಿದೆ. ಅವ್ವ ಬೆಳಗ್ಗೆಯೇ ಊರ ಶಾಲೆಗೆ ಹೋಗಿ ಓಟು ಹಾಕಿ ಬಂದಳು. ಅದೇ ಶಾಲೆ, ಅದೇ ಕೋಣೆ, ಮುಂದೆ ಅದೇ ಬೇವಿನ ಮರ. ಬಂದವಳು ಬೆರಳಿನ ಶಾಯಿ ನೋಡಿಕೊಳ್ಳುತ್ತಾ ಕೇಳಿದಳು, "ಚೀಟೀಲಿ ವರುಣಾ ಅಂತ ಬರ್ದವ್ರೆ. ಚಾಮುಂಡೇಶ್ವರಿ ಎಲ್ಲೋದ್ಲು ಮಗ?"

ಆಗ ನಕ್ಕು ಸುಮ್ಮನಾದೆ. ಆ ಪ್ರಶ್ನೆ ಮತ್ತೆ ನೆನಪಾಗಿದ್ದು ಹತ್ತು ವರ್ಷ ಕಳೆದ ಮೇಲೆ. 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡರ ಎದುರು 36,042 ಓಟುಗಳಿಂದ ಸೋತರು. ಟಿವಿಯಲ್ಲೂ ಟೀ ಅಂಗಡಿಯಲ್ಲೂ ಒಂದೇ ಮಾತು: ಸ್ವಂತ ಕ್ಷೇತ್ರದಲ್ಲೇ ಸೋತರು. ಈಗಲೂ ಯಾರಾದರೂ ಹಾಗೆ ಬರೆದರೆ ನನಗೆ ಸುಮ್ನೆ ಇರೋಕಾಗಲ್ಲ. ಅವರು ಸೋತಿದ್ದು ನಿಜ. ಆದರೆ ಅದು ಅವರು ಗೆಲ್ಲುತ್ತಿದ್ದ ಕ್ಷೇತ್ರ ಅಲ್ಲವೇ ಅಲ್ಲ. ಹೆಸರು ಮಾತ್ರ ಅದೇ.

ನಾನಿಲ್ಲಿ ಯಾರ ಪರವಾಗಿಯೂ ವಕಾಲತ್ತು ಹಾಕುತ್ತಿಲ್ಲ. ನನಗೆ ಕುತೂಹಲ ಇರುವುದು ಕ್ಷೇತ್ರಗಳ ನಡುವೆ ಎಳೆಯುವ ಗೆರೆಯ ಬಗ್ಗೆ.

ಹಳೇ ಚಾಮುಂಡೇಶ್ವರಿಯ ಕಥೆ ನೋಡಿ. 1983ರಲ್ಲಿ ಮೊದಲ ಸಲ ಸಿದ್ದರಾಮಯ್ಯ ಇಲ್ಲಿಂದ ಗೆದ್ದರು, ಲೋಕದಳದಿಂದ. 1985ರಲ್ಲಿ ಜನತಾ ಪಕ್ಷದಿಂದ ಮತ್ತೆ ಗೆದ್ದರು. 1989ರಲ್ಲಿ ಕಾಂಗ್ರೆಸ್ಸಿನ ಎಂ. ರಾಜಶೇಖರಮೂರ್ತಿ ಸೋಲಿಸಿದರು. 1994ರಲ್ಲಿ ಗೆಲುವು. 1999ರಲ್ಲಿ ಮತ್ತೆ ಸೋಲು, ಈ ಬಾರಿ ಕಾಂಗ್ರೆಸ್ಸಿನ ಎ.ಎಸ್. ಗುರುಸ್ವಾಮಿ ಎದುರು. ಅಷ್ಟು ಹೊತ್ತಿಗೆ ಅವರು ಉಪಮುಖ್ಯಮಂತ್ರಿ ಕುರ್ಚಿಯನ್ನೂ ನೋಡಿ ಬಂದಿದ್ದರು ಅನ್ನೋದು ಗಮನಿಸಿ. 2004ರಲ್ಲಿ ಜೆಡಿಎಸ್‌ನಿಂದ ಗೆಲುವು. ಅಂದರೆ ಇದು ಯಾವತ್ತೂ ಯಾರ ಜೇಬಿನಲ್ಲೂ ಇದ್ದ ಸೀಟಲ್ಲ. ಒಂದು ಸಲ ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳೋದು, ಇನ್ನೊಂದು ಸಲ ಕೆಳಗಿಳಿಸೋದು. ಆ ಬುದ್ಧಿ ಅದಕ್ಕೆ ಮೊದಲಿನಿಂದಲೂ ಇತ್ತು.

ಆಮೇಲೆ ಬಂತು 2006ರ ಉಪಚುನಾವಣೆ. ಅದನ್ನು ನೋಡಿದವರು ಮರೆಯುವುದಿಲ್ಲ. ಜೆಡಿಎಸ್‌ನಿಂದ ಹೊರಬಿದ್ದ ಸಿದ್ದರಾಮಯ್ಯ ಕಾಂಗ್ರೆಸ್ ಸೇರಿ, ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದಿದ್ದರು. ಆ ಕಡೆ ಜೆಡಿಎಸ್ ಮತ್ತು ಬಿಜೆಪಿ ಸೇರಿ ಸರ್ಕಾರ ನಡೆಸುತ್ತಿದ್ದ ಕಾಲ. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಇಬ್ಬರೂ ಸೇರಿ ಶಿವಬಸಪ್ಪ ಅವರನ್ನು ನಿಲ್ಲಿಸಿದರು. ಲೆಕ್ಕ ಸರಳ: ಒಕ್ಕಲಿಗರ ಓಟು ಒಬ್ಬರಿಂದ, ಲಿಂಗಾಯತರ ಓಟು ಇನ್ನೊಬ್ಬರಿಂದ. ಡಿಸೆಂಬರ್ ಚಳಿಯಲ್ಲಿ ಮಂತ್ರಿಗಳ ಕಾರು ನಮ್ಮ ಹೋಬಳಿಯ ಮಣ್ಣು ರಸ್ತೆಗಳಲ್ಲಿ ಧೂಳೆಬ್ಬಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಎಣಿಕೆಯ ದಿನ ಊರಲ್ಲಿ ಯಾರೂ ಗದ್ದೆ ಕಡೆ ಹೋಗಲಿಲ್ಲ. ಕೊನೆಗೆ ಗೆಲುವಿನ ಅಂತರ ಬರೀ 257. ಎರಡು ಲಕ್ಷಕ್ಕಿಂತ ಜಾಸ್ತಿ ಓಟು ಬಿದ್ದ ಕಡೆ 257! ಒಂದು ಬೀದಿಯ ಓಟು ಅದು. ನಮ್ಮೂರಲ್ಲಿ ಪ್ರತಿ ಮನೆಯವರೂ ತಮ್ಮಿಂದಲೇ ಗೆದ್ದರು ಅಂತ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅಲ್ಲ ಅನ್ನೋಕೆ ಆಗಲ್ಲ ನೋಡಿ.

ಹಳೇ ಚಾಮುಂಡೇಶ್ವರಿಯ ಗೆರೆ ಎಳೆದದ್ದು 1971ರ ಜನಗಣತಿ ಇಟ್ಟುಕೊಂಡು. 1978ರಿಂದ ಅದೇ ಗೆರೆಯೊಳಗೆ ಚುನಾವಣೆ ನಡೆದುಕೊಂಡು ಬಂದಿತ್ತು. ಮೂವತ್ತು ವರ್ಷದಲ್ಲಿ ಮೈಸೂರು ಎಲ್ಲಿಂದ ಎಲ್ಲಿಗೋ ಬೆಳೆದಿತ್ತು, ಗೆರೆ ಮಾತ್ರ ಅಲ್ಲೇ ಇತ್ತು. ಕೊನೆಗೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿ ಹಿಡಿದು ಮರುವಿಂಗಡಣೆ ಮಾಡಿತು. ಆಗ ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. 224 ಕ್ಷೇತ್ರಕ್ಕೆ ಹಂಚಿದರೆ ತಲಾ 2 ಲಕ್ಷ 36 ಸಾವಿರದಷ್ಟು ಜನ. ಸೀಟುಗಳ ಒಟ್ಟು ಸಂಖ್ಯೆ ಮುಟ್ಟುವಂತಿರಲಿಲ್ಲ, ಒಳಗಿನ ಗೋಡೆ ಸರಿಸಬಹುದಿತ್ತು. ಹೊಸ ಗೆರೆಯ ಮೇಲೆ ಮೊದಲು ವಿಧಾನಸಭೆ ಚುನಾವಣೆ ನಡೆದ ರಾಜ್ಯ ನಮ್ಮದೇ, 2008ರಲ್ಲಿ.

ಮೈಸೂರು ಜಿಲ್ಲೆಯಲ್ಲಿ ಆಗ ಆದದ್ದು ಸಣ್ಣ ಬದಲಾವಣೆ ಅಲ್ಲ. ಬನ್ನೂರು ಕ್ಷೇತ್ರವೇ ಮಾಯವಾಯಿತು. ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಎಚ್.ಡಿ. ಕೋಟೆ ಪರಿಶಿಷ್ಟ ಜಾತಿಯಿಂದ ಪರಿಶಿಷ್ಟ ಪಂಗಡಕ್ಕೆ ಹೋಯಿತು. ಇಡೀ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಸೀಟು 2 ಇದ್ದದ್ದು 15 ಆಯಿತು. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ವರುಣಾ ಹೋಬಳಿಯನ್ನು ಚಾಮುಂಡೇಶ್ವರಿಯಿಂದ ಕತ್ತರಿಸಿ, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಒಂದಷ್ಟು ಭಾಗ ಸೇರಿಸಿ ಹೊಲಿದದ್ದೇ ವರುಣಾ ಕ್ಷೇತ್ರ. ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ಇರುವುದು ಈ ಹೋಬಳಿಯಲ್ಲೇ. ಅವರು ಕ್ಷೇತ್ರ ಬದಲಿಸಿದರು ಎನ್ನುತ್ತಾರಲ್ಲ, ಒಂದು ಲೆಕ್ಕದಲ್ಲಿ ಕ್ಷೇತ್ರವೇ ಅವರ ಊರನ್ನು ಎತ್ತಿಕೊಂಡು ಆಚೆ ಹೋಗಿತ್ತು. ಹಿಂದೆಯೇ ಅವರೂ ಹೋದರು. 2018ರಲ್ಲಿ ಮಗನಿಗೆ ವರುಣಾ ಬಿಟ್ಟುಕೊಟ್ಟು ಹಳೇ ಹೆಸರಿನ ಮನೆಗೆ ವಾಪಸ್ ಬಂದರು. ಬಂದು ನೋಡಿದರೆ ಒಳಗಿದ್ದವರು ಬೇರೆ ಜನ. ಅಷ್ಟರಲ್ಲಿ ಜಿ.ಟಿ. ದೇವೇಗೌಡರು 2013ರಿಂದಲೇ ಅಲ್ಲಿ ಬೇರೂರಿದ್ದರು. ಗೆರೆಯೊಂದೇ ಕಾರಣ ಅಂತ ನಾನು ಹೇಳಲ್ಲ. ಬಿಜೆಪಿ ಅಲ್ಲಿ ಹನ್ನೆರಡು ಸಾವಿರದ ಆಸುಪಾಸಿಗೆ ನಿಂತುಹೋಗಿದ್ದೂ ಬಹಳ ಹೇಳುತ್ತದೆ, ಎದುರಿನ ಓಟು ಒಂದೇ ಕಡೆ ಗುಡ್ಡೆ ಬಿತ್ತು. ಆದರೂ ನಮ್ಮ ಹೋಬಳಿ ಆ ಕಡೆಯೇ ಇದ್ದಿದ್ದರೆ ಅಂತರ 36 ಸಾವಿರಕ್ಕೆ ಹೋಗುತ್ತಿತ್ತಾ? ಅನುಮಾನ. ಅವರ ಮಾನ ಉಳಿಸಿದ್ದು ಆ ಸಲ ಅವರು ನಿಂತಿದ್ದ ಇನ್ನೊಂದು ಕ್ಷೇತ್ರ, ದೂರದ ಬಾದಾಮಿ, ಅದೂ 1,696 ಓಟಲ್ಲಿ.

ಈಗಿನ ಚಾಮುಂಡೇಶ್ವರಿ ಮೈಸೂರು ನಗರವನ್ನು ತಬ್ಬಿಕೊಂಡ ಬಳೆಯ ಹಾಗಿದೆ. ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಮೂರೂ ಒಳಗೆ, ಇದು ಸುತ್ತ. ಇಲವಾಲ, ಜಯಪುರದ ಕಡೆಯ ಹಳ್ಳಿಗಳೂ ಇವೆ, ಹಿನಕಲ್, ಬೋಗಾದಿ, ಹೂಟಗಳ್ಳಿ ಕಡೆಯ ಬಡಾವಣೆಗಳೂ ಇವೆ. ಕೆಲಸ ಸಿಕ್ಕ ಮೇಲೆ ನಾನೂ ಅಂಥದ್ದೇ ಒಂದು ಬಡಾವಣೆಗೆ ಬಂದೆ, ಹಾಗಾಗಿ ನನ್ನ ಓಟು ಈಗ ಇಲ್ಲಿ. ನಮ್ಮ ಬೀದಿಯಲ್ಲಿ ಹಾಸನದವರಿದ್ದಾರೆ, ಕೊಡಗಿನವರಿದ್ದಾರೆ, ಕಾರ್ಖಾನೆ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರಿದ್ದಾರೆ. ಇಲ್ಲಿ ಯಾರಿಗೂ 257ರ ಕಥೆ ಗೊತ್ತಿಲ್ಲ. ಅವರಿಗೆ ಬೇಕಿರುವುದು ಕಬಿನಿ ನೀರಾ, ಕಾವೇರಿ ನೀರಾ, ಒಳಚರಂಡಿ ಯಾವಾಗ, ಅಷ್ಟೇ. ನ್ಯಾಯವೇ. ಹಬ್ಬದ ವಿಷಯದಲ್ಲಿ ಮಾತ್ರ ನಮ್ಮದು ಜಂಬದ ಕ್ಷೇತ್ರ: ಬೆಟ್ಟದ ಮೇಲೆ ದಸರಾ ಉದ್ಘಾಟನೆ ಆಗುವಾಗ ಅಧ್ಯಕ್ಷತೆ ಸ್ಥಳೀಯ ಶಾಸಕರದ್ದು, ಅಂದರೆ ಚಾಮುಂಡೇಶ್ವರಿಯವರದ್ದು. ಹಿಂದೆ ಚುನಾವಣೆಯಲ್ಲಿ ಸೋಲಿಸಿದವರು, ಸೋತವರು ಒಂದೇ ವೇದಿಕೆಯಲ್ಲಿ ಕೂತು ದೇವಿಗೆ ಹೂ ಹಾಕೋದು ನೋಡಲು ಚೆಂದ.

ವರುಣಾ ಪೂರ್ತಿ ಬೇರೆ ಥರ. ಅದಕ್ಕೆ ಸ್ವಂತ ಪಟ್ಟಣವೇ ಇಲ್ಲ. ಒಂದು ಹಳ್ಳಿಯ ಹೆಸರು, ಮೂರು ತಾಲ್ಲೂಕಿನ ತುಂಡು. ಪಹಣಿಗೆ, ಪೋಡಿಗೆ ಒಬ್ಬರು ಮೈಸೂರಿಗೆ ಹೋಗಬೇಕು, ಇನ್ನೊಬ್ಬರು ನಂಜನಗೂಡಿಗೆ, ಮತ್ತೊಬ್ಬರು ನರಸೀಪುರಕ್ಕೆ. ಒಬ್ಬ ಶಾಸಕ, ಮೂವರು ತಹಸೀಲ್ದಾರರು. ಪ್ರತಿ ಚುನಾವಣೆ ಬಂದಾಗಲೂ ಟಿವಿಯಲ್ಲಿ ಇಲ್ಲಿನ ಜಾತಿಯ ಬಣ್ಣ ಬಣ್ಣದ ಚಕ್ರ ತೋರಿಸುತ್ತಾರೆ: ಲಿಂಗಾಯತರು ಇಷ್ಟು, ಪರಿಶಿಷ್ಟರು ಇಷ್ಟು, ಕುರುಬರು ಇಷ್ಟು, ನಾಯಕರು ಇಷ್ಟು. ಒಂದು ಚಾನೆಲ್ಲಿನ ಅಂಕಿ ಇನ್ನೊಂದರಲ್ಲಿ ಇರಲ್ಲ. ಓಟರ್ ಲಿಸ್ಟಿನಲ್ಲಿ ಜಾತಿಯ ಕಾಲಮ್ಮೇ ಇಲ್ಲವಲ್ಲ, ಇವರಿಗೆ ಎಲ್ಲಿಂದ ಸಿಗುತ್ತೆ? ಲಿಂಗಾಯತರು ಹೆಚ್ಚಿರುವ ಕ್ಷೇತ್ರ ಅನ್ನೋದನ್ನು ನಂಬಿ ಎದುರಾಳಿ ಪಕ್ಷಗಳು ಹೆಚ್ಚಾಗಿ ಲಿಂಗಾಯತರನ್ನೇ ನಿಲ್ಲಿಸಿವೆ. 2008ರಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಎಲ್. ರೇವಣಸಿದ್ದಯ್ಯ, 2013ರಲ್ಲಿ ಯಡಿಯೂರಪ್ಪನವರ ಆಗಿನ ಪಕ್ಷ ಕೆಜೆಪಿಯ ಕಾಪು ಸಿದ್ದಲಿಂಗಸ್ವಾಮಿ, 2023ರಲ್ಲಿ ಬೆಂಗಳೂರಿನಿಂದ ಬಂದ ವಿ. ಸೋಮಣ್ಣ. 2018ರಲ್ಲಿ ಯಡಿಯೂರಪ್ಪನವರ ಮಗ ವಿಜಯೇಂದ್ರ ಅವರಿಗೆ ಕೊನೆ ಗಳಿಗೆಯಲ್ಲಿ ಬಿಜೆಪಿ ಟಿಕೆಟ್ ತಪ್ಪಿ ಗಲಾಟೆಯೂ ಆಯಿತು. ಫಲಿತಾಂಶ? ನಾಲ್ಕಕ್ಕೆ ನಾಲ್ಕೂ ಕಾಂಗ್ರೆಸ್. ಅಪ್ಪ ಮೂರು, ಮಗ ಯತೀಂದ್ರ ಒಂದು. 2013ರಲ್ಲಿ ಅಂತರ 29,641, ಮಗನಿಗೆ 58,616, ಸೋಮಣ್ಣ ಎದುರು 46,163. ಚಕ್ರ ಮಾತ್ರ ಪ್ರತಿ ಸಲ ಹಾಗೇ ತಿರುಗುತ್ತದೆ.

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದರೆ, ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಅದಾದ ಮೇಲೆ ಗೆರೆ ಮತ್ತೆ ಅಲುಗಾಡಬಹುದು. ದಕ್ಷಿಣಕ್ಕೆ ಲೋಕಸಭೆ ಸೀಟು ಕಡಿಮೆಯಾಗುತ್ತಾ ಅನ್ನೋ ಜಗಳ ಎಲ್ಲರೂ ಮಾಡುತ್ತಿದ್ದಾರೆ, ಮಾಡಲಿ. ವಿಧಾನಸಭೆಯ ಒಳಗೆರೆ ಬಗ್ಗೆ ಯಾರ ಬಾಯಲ್ಲೂ ಮಾತಿಲ್ಲ. ಚಾಮುಂಡೇಶ್ವರಿಯಲ್ಲಿ ಮತದಾರರು ಈಗಾಗಲೇ 3 ಲಕ್ಷ ದಾಟಿದ್ದಾರೆ, ಪಕ್ಕದ ವರುಣಾದಲ್ಲಿ ಎರಡೂಕಾಲು ಲಕ್ಷದ ಆಸುಪಾಸು. ಅಂದರೆ ನನ್ನ ಓಟಿಗಿಂತ ಅವ್ವನ ಓಟಿಗೆ ತೂಕ ಜಾಸ್ತಿ! ಈ ಬಳೆಯನ್ನು ಎಲ್ಲೋ ಒಂದು ಕಡೆ ಮುರಿಯಲೇಬೇಕು. ಎಲ್ಲಿ ಮುರಿಯುತ್ತಾರೆ ಅನ್ನೋದರ ಮೇಲೆ ಮುಂದಿನ ಎಷ್ಟೋ ಚುನಾವಣೆ ನಿಂತಿದೆ.

ಕಳೆದ ಸಲ ಆಯೋಗ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕರೆದಿತ್ತು, ಜನರ ಅಹವಾಲು ಕೇಳಲು ಸಭೆಯನ್ನೂ ಮಾಡಿತ್ತು. ಆಯೋಗದ ಜೊತೆ ಸಂಸದರು, ಶಾಸಕರು ಸಹಸದಸ್ಯರಾಗಿ ಕೂರುತ್ತಾರೆ. ಅವರಿಗೆ ಓಟಿನ ಹಕ್ಕಿಲ್ಲ, ಬಾಯಿ ಇದೆ. ಅಂತಿಮ ಆದೇಶ ಹೊರಬಿದ್ದ ಮೇಲೆ ಕೋರ್ಟಿಗೆ ಹೋಗೋಕೂ ಬಾಗಿಲಿಲ್ಲ ಅನ್ನುತ್ತದೆ ಕಾನೂನು. ಆಗ ನಮ್ಮೂರಿಂದ ಒಬ್ಬರೂ ಒಂದು ಅರ್ಜಿ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಪೇಪರಿನಲ್ಲಿ ಬಂದದ್ದನ್ನು ಓದಿ, ಮಡಚಿಟ್ಟು, ಕೆಲಸಕ್ಕೆ ಹೋಗಿದ್ದೆ.

ಮೊನ್ನೆ ಊರಿಗೆ ಹೋದಾಗ ಅವ್ವನಿಗೆ ಇದನ್ನೇ ಹೇಳುತ್ತಿದ್ದೆ, ಇನ್ನೊಂದು ಸಲ ಕ್ಷೇತ್ರ ಬದಲಾಗಬಹುದು ಅಂತ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಬದ್ಲಾದ್ರೆ ಬದ್ಲಾಗ್ಲಿ. ಆ ಶಾಲೆ ಬಿಟ್ಟು ಬ್ಯಾರೆ ಕಡೆಗ್ ಹಾಕ್ಬೇಡಿ ಅನ್ನು, ನಂಗ್ ಮಂಡಿ ನೋವು."