ಸಂಘ ಕಟ್ಟಿ ನೋಡು, ಸಂಘ ಬಿಟ್ಟು ನೋಡು

ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು 1963ರಲ್ಲಿ, ಹಲವು ಕಂಪನಿಗಳ ಪೈಲಟ್‌ಗಳನ್ನು ಒಳಗೊಂಡ ಆಲ್ಪಾ ಎಂಬ ದೊಡ್ಡ ಸಂಘದೊಡನೆ ಮುನಿಸಿಕೊಂಡು ಹೊರಬಂದು, ಎಪಿಎ ಎಂಬ ಸ್ವಂತ ಸಂಘ ಕಟ್ಟಿಕೊಂಡಿದ್ದರು. ಅದೇ ಆಲ್ಪಾಕ್ಕೆ ಮರಳೋಣವೇ ಎಂಬ ಚರ್ಚೆ ಈಗ ಕೆಲವು ವರ್ಷಗಳಿಂದ ಅವರೊಳಗೆ ನಡೆದಿದೆ. ಅರವತ್ತು ವರ್ಷಗಳ ಮೇಲೆ ತವರು ನೆನಪಾಗುವುದು ತಪ್ಪಲ್ಲ. ಆದರೆ ಅಮೆರಿಕದ ವಿಮಾನ ಚಾಲಕರು ತಮಗೊಬ್ಬ ಪ್ರತಿನಿಧಿಯನ್ನು ಆರಿಸಿಕೊಳ್ಳುವ ಪರಿಯನ್ನು ಹಿಂದೊಮ್ಮೆ ಕಂಡವರು, ಈ ಸುದ್ದಿ ಓದಿ ಮೊದಲು ನಕ್ಕು ಆಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರೆ ಆಶ್ಚರ್ಯವಿಲ್ಲ.

ಮೊದಲು ಕಾನೂನಿನ ಸೊಬಗನ್ನು ಹೊಗಳಬೇಕು. ಮೋಡಗಳ ಮೇಲೆ ದುಡಿಯುವವರ ಸಂಘ ವ್ಯವಹಾರವನ್ನು ಅಲ್ಲಿ ಆಳುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ. ವಿಮಾನ ಕಂಪನಿಗಳನ್ನು 1936ರಲ್ಲಿ ಅದೇ ಹಳಿಗೆ ತಂದು ಕೂರಿಸಲಾಯಿತು. ಚುನಾವಣೆ ನಡೆಸುವುದು ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಹೇಳಿದ್ದನ್ನು ಈ ಮಂಡಳಿ 2010ರವರೆಗೆ ತಲೆಕೆಳಗಾಗಿಸಿ ಪಾಲಿಸಿತ್ತು. ಮತ ಹಾಕದೆ ಮನೆಯಲ್ಲಿ ಮಲಗಿದವನು, ರಜೆಯ ಮೇಲೆ ಹೋದವನು, ಮತಪತ್ರವನ್ನು ಕಳೆದುಕೊಂಡವನು ಎಲ್ಲರೂ ಸಂಘ ಬೇಡವೆಂದು ಘೋಷಿಸಿದವರೆಂದೇ ಲೆಕ್ಕ. ಇನ್ನು, ಇರುವ ಸಂಘವೇ ಬೇಡ ಎನ್ನುವವರಿಗೆ 2019ರವರೆಗೆ ನೇರ ದಾರಿ ಇರಲಿಲ್ಲ. ಅವರು ಒಬ್ಬ ಡಮ್ಮಿ ಅಭ್ಯರ್ಥಿಯನ್ನು ಹುಡುಕಿ, ಅವನ ಹೆಸರಿನಲ್ಲಿ ಸಹಿ ಸಂಗ್ರಹಿಸಿ, ಅವನನ್ನು ಗೆಲ್ಲಿಸಬೇಕಿತ್ತು. ಗೆದ್ದ ಮೇಲೆ ಅವನು ಪ್ರಾತಿನಿಧ್ಯವನ್ನು ತ್ಯಜಿಸಿ ಮನೆಗೆ ಹೋಗಬೇಕಿತ್ತು. ಗೆದ್ದರೆ ಏನನ್ನೂ ಮಾಡುವುದಿಲ್ಲವೆಂದು ಮೊದಲೇ ಭಾಷೆ ಕೊಟ್ಟು, ಕೊಟ್ಟ ಭಾಷೆಯಂತೆ ನಡೆದುಕೊಳ್ಳುವ ಅಭ್ಯರ್ಥಿ ಪ್ರಜಾಪ್ರಭುತ್ವದಲ್ಲಿ ಬೇರೆಲ್ಲೂ ಸಿಗಲಾರ. ಬೇರೆಡೆ ಈ ಕೆಲಸ ಭಾಷೆಯ ಹಂಗಿಲ್ಲದೆಯೇ ನಡೆಯುತ್ತದೆ.

ಇಷ್ಟಾದರೂ ಇದು ನಾಂದಿ ಮಾತ್ರ. ನಾಟಕ ನಡೆದದ್ದು ಯುಎಸ್ ಏರ್‌ವೇಸ್‌ನಲ್ಲಿ. 2005ರಲ್ಲಿ ಅದು ಅಮೆರಿಕ ವೆಸ್ಟ್‌ನೊಡನೆ ವಿಲೀನವಾಯಿತು. ಪೈಲಟ್‌ಗೆ ಸೇವಾ ಹಿರಿತನದ ಪಟ್ಟಿಯಲ್ಲಿನ ಸಂಖ್ಯೆಯೇ ಜಾತಕ. ಯಾವ ವಿಮಾನ, ಯಾವ ಮಾರ್ಗ, ಎಡಗಡೆಯ ಕ್ಯಾಪ್ಟನ್ ಆಸನವೋ ಬಲಗಡೆಯ ಸಹ ಪೈಲಟ್ ಆಸನವೋ, ಹಬ್ಬದ ದಿನ ಮನೆಯೋ ಹೋಟೆಲಿನ ಕೋಣೆಯೋ, ಕಂಪನಿಗೆ ಕಷ್ಟ ಬಂದಾಗ ಮೊದಲು ಹೊರಹೋಗುವವರು ಯಾರು ಎಂಬುದೆಲ್ಲ ಅದರಲ್ಲೇ ಬರೆದಿರುತ್ತದೆ. ಎರಡು ಕಂಪನಿಗಳ ಎರಡು ಪಟ್ಟಿಗಳನ್ನು ಒಂದಾಗಿಸಲು, ಆಗ ಎರಡೂ ಕಡೆಯವರ ಸಂಘವಾಗಿದ್ದ ಆಲ್ಪಾ ತನ್ನ ನಿಯಮದಂತೆ ಜಾರ್ಜ್ ನಿಕೊಲಾವ್ ಎಂಬ ಪಂಚಾಯ್ತಿದಾರರನ್ನು ಕೂರಿಸಿತು. ಅವರ ತೀರ್ಪಿಗೆ ಬದ್ಧರೆಂದು ಎರಡೂ ಕಡೆಯವರು ಮೊದಲೇ ಒಪ್ಪಿದ್ದರು. 2007ರಲ್ಲಿ ಪಟ್ಟಿ ಬಂತು. ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡಲ್ಪಟ್ಟಿದ್ದ ಪೂರ್ವದ, ಅಂದರೆ ಹಳೆಯ ಯುಎಸ್ ಏರ್‌ವೇಸ್‌ನ, ಪೈಲಟ್‌ಗಳು, ಹತ್ತಾರು ವರ್ಷಗಳ ಹಿಂದೆ ನೇಮಕಗೊಂಡವರಾದರೂ, ನಿನ್ನೆ ಮೊನ್ನೆ ಸೇರಿದ ಪಶ್ಚಿಮದವರ, ಅಂದರೆ ಅಮೆರಿಕ ವೆಸ್ಟ್‌ನವರ, ಹಿಂದೆ ಬಿದ್ದರು.

ಒಪ್ಪಿಗೆಯ ಬದ್ಧತೆ ಅಂದಿಗೆ ಮುಗಿಯಿತು. ಸಂಖ್ಯೆಯಲ್ಲಿ ಬಹುಪಾಲಿದ್ದ ಪೂರ್ವದವರು ಅತ್ಯಂತ ಸರಳವಾದ ಪರಿಹಾರವನ್ನು ಕಂಡುಕೊಂಡರು: ತೀರ್ಪು ಹಿಡಿಸದಿದ್ದರೆ ತೀರ್ಪು ಕೊಡಿಸಿದ ಸಂಘವನ್ನೇ ಬದಲಿಸುವುದು. ನೇಮಕದ ದಿನಾಂಕವೇ ಹಿರಿತನವೆಂದು ಸಾರುವ ಯುಎಸ್‌ಎಪಿಎ ಎಂಬ ಹೊಸ ಸಂಘ ಹುಟ್ಟಿ, 2008ರ ಏಪ್ರಿಲ್‌ನಲ್ಲಿ ಆಲ್ಪಾವನ್ನು ಸೋಲಿಸಿತು. ಗೆದ್ದ ಸಂಘವೇ ಎಲ್ಲರ ಏಕೈಕ ಪ್ರತಿನಿಧಿ ಎಂದು ಕಾಯ್ದೆ ಹೇಳುವುದರಿಂದ, ಯಾರನ್ನು ಹಿಂದಕ್ಕೆ ತಳ್ಳುವುದಕ್ಕಾಗಿ ಈ ಸಂಘ ಹುಟ್ಟಿತೋ ಅವರ ಹಿತರಕ್ಷಣೆಯ ಹೊಣೆಯೂ ಅದರದ್ದೇ ಆಯಿತು. ಅದು ಆ ಹೊಣೆಯನ್ನು ನಿರ್ವಹಿಸಿದ ಬಗೆಯನ್ನು ಕಂಡು ಪಶ್ಚಿಮದವರು ನ್ಯಾಯಾಲಯಕ್ಕೆ ಹೋದರು. ಸಂಘವೇನು ಸುಮ್ಮನಿತ್ತೇ? ತನ್ನ ದೂರವಾಣಿಗೆ ಬಿಡುವಿಲ್ಲದೆ ಕರೆ ಮಾಡಿ ಪೀಡಿಸುತ್ತಿದ್ದಾರೆಂಬುದೂ ಸೇರಿದಂತೆ ಹಲವು ಆರೋಪ ಹೊರಿಸಿ, ತಾನೇ ಪ್ರತಿನಿಧಿಸಬೇಕಾದ ಪಶ್ಚಿಮದ ಪೈಲಟ್‌ಗಳ ಮೇಲೆ ಸಂಘಟಿತ ಅಪರಾಧ ತಡೆಯುವ ರಿಕೋ ಕಾನೂನಿನಡಿ ದಾವೆ ಹೂಡಿತು. 1970ರಲ್ಲಿ ಮಾಫಿಯಾವನ್ನು ಮಟ್ಟಹಾಕಲು ತಂದ ಕಾನೂನು ಅದು. ಕೆಳಗಿನ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು, ಮೇಲ್ಮನವಿ ನ್ಯಾಯಾಲಯವೂ 2010ರಲ್ಲಿ ಅದನ್ನೇ ಎತ್ತಿಹಿಡಿಯಿತು. ದೂರವಾಣಿ ಮಾಡಿದ ತಪ್ಪಿಗೆ ಒಬ್ಬ ಕ್ಯಾಪ್ಟನ್ ಭೂಗತ ದೊರೆಯ ಸಾಲಿನಲ್ಲಿ ನಿಲ್ಲುವ ಅಪೂರ್ವ ಅವಕಾಶ ಹೀಗೆ ತಪ್ಪಿಹೋಯಿತು.

ಈ ನಡುವೆ ವಿಮಾನಗಳ ಬಾಲಕ್ಕೆ ಒಂದೇ ಬಣ್ಣ ಬಳಿಯಲಾಗಿತ್ತು, ಟಿಕೆಟ್ಟಿನ ಮೇಲೆ ಒಂದೇ ಹೆಸರಿತ್ತು. ಒಳಗೆ ಮಾತ್ರ ಪೂರ್ವದವರು ಪೂರ್ವದವರೊಡನೆ, ಪಶ್ಚಿಮದವರು ಪಶ್ಚಿಮದವರೊಡನೆ, ಎರಡು ಬೇರೆ ಒಪ್ಪಂದಗಳ ಅಡಿಯಲ್ಲಿ ವರ್ಷಗಟ್ಟಲೆ ಹಾರಿದರು. ಜಂಟಿ ಒಪ್ಪಂದವಾಗದೆ ಸಂಬಳ ಏರುವಂತಿರಲಿಲ್ಲ, ಪಟ್ಟಿ ಇತ್ಯರ್ಥವಾಗದೆ ಜಂಟಿ ಒಪ್ಪಂದ ಆಗುವಂತಿರಲಿಲ್ಲ. ಆಡಳಿತ ಮಂಡಳಿಯವರು ಏನನ್ನೂ ಮಾಡಬೇಕಾಗಿರಲಿಲ್ಲ. ಹಳೆಯ ಅಗ್ಗದ ಸಂಬಳವನ್ನು ತಿಂಗಳು ತಿಂಗಳೂ ಕೊಡುತ್ತಾ, ಇದು ನಿಮ್ಮ ಮನೆಯೊಳಗಿನ ವಿಚಾರ ಎಂದು ವಿನಯದಿಂದ ಪಕ್ಕಕ್ಕೆ ಸರಿದು ನಿಂತರೆ ಸಾಕಾಗಿತ್ತು.

ಇಲ್ಲಿಗೆ ನಗು ನಿಲ್ಲುತ್ತದೆ. 2009ರ ಜನವರಿ 15ರಂದು ಎರಡೂ ಎಂಜಿನ್ ಸತ್ತ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ, ಒಳಗಿದ್ದ 155 ಜನರನ್ನೂ ಉಳಿಸಿದ ಕ್ಯಾಪ್ಟನ್ ಸುಲ್ಲೆನ್‌ಬರ್ಗರ್ ಇದೇ ಕಂಪನಿಯ, ಇದೇ ಪೂರ್ವದ ಪಾಳೆಯದ ಪೈಲಟ್. ಮರುತಿಂಗಳು ಅಮೆರಿಕದ ಸಂಸತ್ತಿನ ಮುಂದೆ ಅವರು, ತಮ್ಮ ಸಂಬಳದಲ್ಲಿ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿ ರದ್ದಾಗಿ ಪುಡಿಗಾಸು ಉಳಿದಿದೆ ಎಂದು ಹೇಳಿದರು. ಆ ಪಿಂಚಣಿ ಯೋಜನೆಯನ್ನು 2003ರಲ್ಲಿ ದಿವಾಳಿಯ ಹೆಸರಿನಲ್ಲಿ ಮುಗಿಸಿದ್ದು ಪಶ್ಚಿಮದವರ ನೆಲೆಯಾದ ಫೀನಿಕ್ಸ್‌ನ ಯಾವ ಸಹ ಪೈಲಟ್ಟೂ ಅಲ್ಲ. ಸಂಬಳವನ್ನು ಕಡಿದದ್ದು ನಿಕೊಲಾವ್ ಅಲ್ಲ. ಕಳೆದುಕೊಂಡವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಕಿತ್ತುಕೊಂಡವರ ಮೇಲೆ ಕೈ ಎಟುಕಲಿಲ್ಲ, ಪಕ್ಕದ ಸಾಲಿನವನ ಕೊರಳು ಎಟುಕಿತು. ವಕೀಲರ ಶುಲ್ಕಕ್ಕೆ ಎರಡೂ ಕಡೆಯವರು ತಮ್ಮ ಆ ಕಡಿದ ಸಂಬಳದಿಂದಲೇ ಹಣ ತೆತ್ತರು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಕಂಪನಿ ಅಮೆರಿಕನ್ ಏರ್‌ಲೈನ್ಸ್‌ನೊಡನೆ ಕೂಡಿಕೊಂಡಿತು. ಮರುವರ್ಷ ಯುಎಸ್‌ಎಪಿಎ ಪ್ರಾತಿನಿಧ್ಯ ಕಳೆದುಕೊಂಡು, ಮೊದಲೇ ಹೇಳಿದ ಎಪಿಎ ಎಲ್ಲರ ಪ್ರತಿನಿಧಿಯಾಯಿತು. ಒಮ್ಮತದ ಪಟ್ಟಿ ಹೋಗಲಿ, ಇನ್ನೊಂದು ಪಂಚಾಯ್ತಿಯ ಪಟ್ಟಿ ಬರಲು 2016 ಆಗಬೇಕಾಯಿತು. ಅಷ್ಟರಲ್ಲಿ ಯುಎಸ್ ಏರ್‌ವೇಸ್ ಹೆಸರಿನ ಕೊನೆಯ ವಿಮಾನ ಹಾರಿ ಒಂದು ವರ್ಷವಾಗುತ್ತ ಬಂದಿತ್ತು, ಜಗಳ ಆರಂಭಿಸಿದವರಲ್ಲಿ ಹಲವರು ವಯಸ್ಸಿನ ಮಿತಿ ದಾಟಿ, ಸಂಖ್ಯೆಯೇ ಬೇಕಿಲ್ಲದ ನಿವೃತ್ತಿಗೆ ಸಂದಿದ್ದರು.