ಗೋಡೆಗೆ ಯಾವ ಬಣ್ಣ ಅಂತ ಇನ್ನೊಬ್ಬರು ಕೇಳಿದರೆ...

"ಪಾಪು ರೂಮಿಗೆ ಯಾವ ಬಣ್ಣ ಹೊಡಿಸ್ತಿದ್ದೀಯಾ?"

ಇವತ್ತು ಬೆಳಿಗ್ಗೆ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ. ನಾನು ಆಗ ಅದೇ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಪೇಂಟರ್ ಹಳೇ ಗೋಡೆಯನ್ನು ನೀರು ಕೂಡ ಸೋಕಿಸದೆ ಸ್ಯಾಂಡ್ ಪೇಪರ್ ಹಾಕಿ ಗರಗರ ಉಜ್ಜುತ್ತಿದ್ದ. ಕಿಟಕಿ ಬಿಸಿಲಿನಲ್ಲಿ ಧೂಳು ಕುಣಿಯುತ್ತಿತ್ತು. "ನಿಲ್ಲಿಸಿ!" ಅಂತ ಕಿರುಚಿದೆ. ಅವನು ನನ್ನ ಹೊಟ್ಟೆ ನೋಡಿದ, ನಕ್ಕ. "ಸ್ವಲ್ಪ ಧೂಳು ಅಷ್ಟೇ ಮೇಡಂ, ಆ ಕಡೆ ಹೋಗಿ ಕೂತ್ಕೊಳ್ಳಿ." ಫೋನಿನ ಆ ತುದಿಯಿಂದ, "ತಿಳಿ ಹಳದಿ ಮುದ್ದಾಗಿರುತ್ತೆ ಅಲ್ವಾ?"

ಮುದ್ದಾಗಿರುತ್ತೆ. ಖಂಡಿತ.

ನಮ್ಮ ಕಥೆ ನಿಮಗೆ ಗೊತ್ತಿರೋದೇ. ಬಸುರಿನ 16ನೇ ವಾರದಲ್ಲಿ ಹಳೇ ಮನೆಗೆ ಸಹಿ ಹಾಕಿದೆವು. ಈಗ 31. ಲೆಕ್ಕಕ್ಕೆ 40 ವಾರ ಅಂತಾರೆ, ಆದರೆ 37 ದಾಟಿದ ಮೇಲೆ ಯಾವತ್ತು ಬೇಕಾದರೂ ಬ್ಯಾಗ್ ಎತ್ತಿಕೊಂಡು ಓಡಬೇಕು. ಮೇಸ್ತ್ರಿ ಮಾತ್ರ 20ನೇ ವಾರದಿಂದ "ಇನ್ನೆರಡು ವಾರ" ಅಂತಲೇ ಇದ್ದಾರೆ.

ಆ ಧೂಳಿಗೆ ಯಾಕಿಷ್ಟು ರೇಗಾಟ ಅಂತೀರಾ? ಹಳೇ ಪೇಂಟಿನಲ್ಲಿ ಸೀಸ (ಲೆಡ್) ಅನ್ನೋ ವಿಷದ ಲೋಹ ಹಾಕುತ್ತಿದ್ದರು, ಬಣ್ಣ ಗಟ್ಟಿಯಾಗಿ ನಿಲ್ಲಲಿ, ಬೇಗ ಒಣಗಲಿ ಅಂತ. ಆ ಗೋಡೆಯ ಮೂಲೆಯನ್ನು ಚಾಕುವಿನಲ್ಲಿ ಕೆರೆದು ನೋಡಿದ್ದೇನೆ. ಬಿಳಿ, ಅದರಡಿ ಹಸಿರು, ಅದರಡಿ ನೀಲಿ, ಅದರಡಿ ಹೆಸರಿಲ್ಲದ ಇನ್ನೊಂದು ಬಣ್ಣ. ಎಷ್ಟು ಹಳೆಯದೋ. ಸುಮ್ನೆ ಬಿಟ್ಟರೆ ಅದು ಅಲ್ಲೇ ಬಿದ್ದಿರುತ್ತದೆ. ಒಣಗೋಡೆ ಉಜ್ಜಿದರೆ ಉಸಿರಿಗೆ ಬರುತ್ತದೆ. ಸೀಸ ತಾಯಿಯ ರಕ್ತದಿಂದ ನೇರ ಮಗುವಿಗೆ ದಾಟುತ್ತದೆ. ಇಷ್ಟು ವರ್ಷ ನಮ್ಮ ಮೂಳೆಯಲ್ಲಿ ಕೂತಿದ್ದ ಹಳೇ ಸೀಸ ಕೂಡ ಬಸುರಿನಲ್ಲಿ ರಕ್ತಕ್ಕೆ ಇಳಿಯುತ್ತದಂತೆ, ಹೊಸದು ಬೇರೆ ಬೇಕಾ? ಇಷ್ಟು ಪ್ರಮಾಣ ಆದರೆ ಪರವಾಗಿಲ್ಲ ಅನ್ನುವ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವುದಿಲ್ಲ. ಮಗು ಹುಟ್ಟಿದ ಮೇಲೂ ಮುಗಿಯಲಿಲ್ಲ. ನೆಲದಲ್ಲಿ ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ.

ಇದೆಲ್ಲ ಹೇಳಿದರೆ ಜನ ಹೂಂ ಅಂತಾರೆ. ಆಮೇಲೆ, "ಮೋಡದ ಚಿತ್ರ ಬಿಡಿಸು, ಚಾವಣಿ ಮೇಲೆ!"

ಇನ್ನು ವೈರಿಂಗು. ಎಲ್ಲ ಕಡೆ ಮೂರು ತೂತಿನ ಸಾಕೆಟ್ ನೋಡಿ ಖುಷಿಪಟ್ಟಿದ್ದೆವು. ಬಿಚ್ಚಿ ನೋಡಿದರೆ ಮೂರನೇ ತೂತಿನ ಹಿಂದೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿಯೇ ಇಲ್ಲ. ಸುಮ್ನೆ ಶೋಕಿಗೆ ಇಟ್ಟಿರೋ ತೂತು! ಈಗ ಅರ್ಥಿಂಗ್ ಎಳೆಸಿ, 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಸ್ವಿಚ್ ಹಾಕಿಸುತ್ತಿದ್ದೇವೆ. ಇದರ ಫೋಟೋ ಹಾಕಿದೆ, 4 ಲೈಕು. ಬಣ್ಣದ ಕಾರ್ಡಿನ ಫೋಟೋಗೆ 212.

"ನಾವೆಲ್ಲ ಇಂಥ ಮನೆಯಲ್ಲೇ ಬೆಳೆದವರು, ನಮಗೇನಾಯ್ತು?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಏನಾಯ್ತು ಅಂತ ಅಳೆದವರು ಯಾರು ಸ್ವಾಮಿ? ಸೀಸ ಜ್ವರ ತರಿಸಿ ಹೇಳಿಕೊಳ್ಳುವ ಜಾತಿಯದ್ದಲ್ಲ. ಕಲಿಕೆ, ಗಮನ, ತಾಳ್ಮೆ, ಹೀಗೆ ಸದ್ದಿಲ್ಲದೆ ಕೊರೆಯುತ್ತದೆ. ಕೆಲವರ ಕಾಮೆಂಟ್ ಓದುವಾಗ ನನಗೆ ಬೇರೇನೇ ಅನುಮಾನ ಬರುತ್ತದೆ, ಇರಲಿ.

ತಮಾಷೆ ಏನು ಗೊತ್ತಾ? ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದೇ ಸುಮಾರು 20–30 ಸೆಂಟಿಮೀಟರ್ ದೂರ. ಎತ್ತಿಕೊಂಡವರ ಮುಖದಷ್ಟು. ಮೊದಲ 6 ತಿಂಗಳು ಹೇಗೂ ನಮ್ಮ ರೂಮಿನಲ್ಲೇ, ತನ್ನದೇ ತೊಟ್ಟಿಲಲ್ಲಿ ಮಲಗಿಸಿ ಅಂತಾರೆ ಡಾಕ್ಟರು. ಹಾಗಾದರೆ ಆ ಹಳದಿ ಗೋಡೆ ಯಾರಿಗೆ? ನಿಮಗೆ. ಫೋಟೋಗೆ.

ಸರಿ, ಪೇಂಟರ್‌ಗೆ ಬೈದು ಬಂದು ಕೂತ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು ಅನಿಸಿತು. ಮನೆ ನೋಡಲು ಹೋದ ಮೊದಲ ದಿನವೇ ಆ ರೂಮಿನ ಬೀರುವಿನ ಹಿಂದೆ ನನಗೆ ಬೂಷ್ಟಿನ ವಾಸನೆ ಬಂದಿತ್ತು. ಬಸುರಿಯ ಮೂಗು, ತಪ್ಪಲ್ಲ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಯಾರನ್ನಾದರೂ ಕರೆಸಿ ಪರೀಕ್ಷೆ ಮಾಡಿಸೋಣ ಅನ್ನುತ್ತಿದ್ದರು, ಅಷ್ಟರಲ್ಲಿ ಮನೆ ಬೇರೆಯವರ ಪಾಲಾಗುತ್ತಿತ್ತು. ನನಗೆ ಆ ಕಿಟಕಿ ಬೇಕಿತ್ತು. ಸಂಜೆ ಬಿಸಿಲು ನೇರ ಗೋಡೆಗೆ ಬೀಳುತ್ತಿತ್ತು. ಆ ಗೋಡೆಗೆ ಹೊಸದಾಗಿ ಎರಡು ಕೋಟ್ ಬಳಿದಿದ್ದಾರೆ ಅಂತ ಕಂಡೂ ಕೇಳಲಿಲ್ಲ. ಅದರ ಹಿಂದೆ ಪೈಪು ಸೋರುತ್ತಿತ್ತು. ಈಗ ಪ್ಲಾಸ್ಟರ್ ಕಿತ್ತು ಹೊಸದು ಮೆತ್ತಬೇಕು, ಅದು ಒಣಗಲು ವಾರಗಳು ಬೇಕು. ಹಸಿಯ ಮೇಲೆ ಬಳಿದರೆ ಮತ್ತೆ ಹಪ್ಪಳ ಏಳುತ್ತದೆ.

ಸದ್ಯಕ್ಕೆ ಕೆಲಸ ನಿಲ್ಲಿಸಿದ್ದೇವೆ. ಪೇಂಟಿನ ಚೂರು ಲ್ಯಾಬಿಗೆ ಹೋಗಿದೆ. ರೂಮಿನ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ ಅಂತ ಗೋಡೆ ಮೇಲೆ ಬರೆದು ಅಂಟಿಸಿದ್ದೇನೆ. ನಾನಿರೋದು ಅಕ್ಕನ ಮನೆಯಲ್ಲಿ, ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ಟೈಪ್ ಮಾಡುತ್ತಾ.

ಪಕ್ಕದಲ್ಲೇ ಬಣ್ಣದ ಕಾರ್ಡೂ ಇದೆ. ಹೌದು, ನೋಡುತ್ತಿದ್ದೇನೆ. ಒಂದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದ್ದೂ ಆಯಿತು. ಯಾವುದು ಅಂತ ಮಾತ್ರ ಕೇಳಬೇಡಿ.