ಬಾಯಿ ಬಿಡಲು ಜೈಲಿನ ಆವರಣ

ಬೆಂಗಳೂರಿನಲ್ಲಿ ಸರ್ಕಾರದ ವಿರುದ್ಧ ಬಾಯಿ ಬಿಡಬೇಕಾದರೆ ಜೈಲಿಗೆ ಹೋಗಬೇಕು. ತಪ್ಪು ತಿಳಿಯಬೇಡಿ, ಬಾಯಿ ಬಿಟ್ಟ ಮೇಲಲ್ಲ, ಬಿಡುವುದಕ್ಕೇ ಹೋಗಬೇಕು. ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ಅಂದರೆ ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಜಾಗವನ್ನು 2008ರಲ್ಲಿ ಉದ್ಯಾನ ಮಾಡಿದರು. ಕಾವಲು ಗೋಪುರ, ಬ್ಯಾರಕ್ಕುಗಳನ್ನು ಜೋಪಾನವಾಗಿ ಉಳಿಸಿಕೊಂಡರು. 2021ರ ಕೊನೆಗೆ ಹೊಸ ಆದೇಶ ಬಂತು: ಧರಣಿ, ಪ್ರತಿಭಟನೆ ಏನಿದ್ದರೂ ಇಲ್ಲೇ. ನಗರದ ಬೇರೆ ಕಡೆ ಕೂತರೆ, ನಿಂತರೆ, ನಡೆದರೆ ಕೇಸು. ಟ್ರಾಫಿಕ್ಕಿಗೆ ತೊಂದರೆಯಾಗುತ್ತದಂತೆ. ಪ್ರತಿಭಟನೆ ನಿಂತ ಮೇಲೆ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಎಷ್ಟು ಸಲೀಸಾಗಿದೆ ಎಂಬುದನ್ನು ತಾವೆಲ್ಲ ದಿನವೂ ಅನುಭವಿಸುತ್ತಿದ್ದೀರಿ.

ಜಾಗದ ಆಯ್ಕೆಯನ್ನಂತೂ ಮೆಚ್ಚಲೇಬೇಕು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನು ತುರ್ತು ಪರಿಸ್ಥಿತಿ ಘೋಷಣೆಯಾದದ್ದೇ ತಡ ಹಿಡಿದು ತಂದು ಕೂರಿಸಿದ್ದು ಇದೇ ಗೋಡೆಗಳ ನಡುವೆ. ದೇವೇಗೌಡರೂ ಇಲ್ಲಿದ್ದವರೇ. ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಲ್ಲಿ ತಿಂಗಳುಗಟ್ಟಲೆ ನರಳಿದ್ದೂ ಇಲ್ಲೇ. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಮಾತಾಡಿದವರನ್ನು ಒಳಗೆ ತಂದು ಹಾಕುತ್ತಿದ್ದರು. ಈಗ ಒಳಗೆ ಬಂದು ಮಾತಾಡಿ ಅನ್ನುತ್ತಾರೆ. ಸರ್ಕಾರಕ್ಕೆ ಸಾಗಾಟದ ಖರ್ಚು ಉಳಿಯಿತು. ಇದನ್ನು ಸುಧಾರಣೆ ಅನ್ನದೆ ಇನ್ನೇನು ಅನ್ನೋಣ?

ಮೊದಲೆಲ್ಲ ಪ್ರತಿಭಟನೆಗೆ ಸೇರುತ್ತಿದ್ದ ಟೌನ್‌ಹಾಲ್ ಮೆಟ್ಟಿಲಿಗೆ ಏನಾಯಿತು ಅಂತ ಕೇಳುತ್ತೀರಿ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ 2019ರ ಡಿಸೆಂಬರ್ 19ರಂದು ನಗರದಲ್ಲಿ 144ನೇ ಸೆಕ್ಷನ್ ಇತ್ತು. ಐದು ಜನ ಸೇರುವಂತಿಲ್ಲ. ಪಾಂಡವರೇ ಬಂದಿದ್ದರೂ ಸಹದೇವನನ್ನು ಮನೆಗೆ ಕಳಿಸಿ ಬರಬೇಕಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಗಾಂಧಿಯ ಪೋಸ್ಟರ್ ಹಿಡಿದು ಟೀವಿಯವರೊಂದಿಗೆ ಸಂವಿಧಾನದ ಬಗ್ಗೆ ಮಾತಾಡುತ್ತಿದ್ದರು. ಮಾತು ಮುಗಿಯುವ ಮೊದಲೇ ಪೊಲೀಸರು ತೋಳು ಹಿಡಿದು ಎಳೆದುಕೊಂಡು ಹೋದರು. ದೇಶವೆಲ್ಲ ಅದನ್ನು ಟೀವಿಯಲ್ಲಿ ನೋಡಿತು. ಆ 144ರ ಆದೇಶ ಕಾನೂನುಬಾಹಿರ ಎಂದು ಹೈಕೋರ್ಟು ಮರುವರ್ಷ ಫೆಬ್ರುವರಿಯಲ್ಲಿ ಹೇಳಿತು. ಜನರನ್ನು ಕಾನೂನುಬಾಹಿರವಾಗಿ ಸೇರಿದ್ದೀರಿ ಎಂದು ಎತ್ತಿಕೊಂಡು ಹೋದ ಆದೇಶವೇ ಕಾನೂನುಬಾಹಿರ! ಆದೇಶದ ಮೇಲೆ ಮಾತ್ರ ಯಾರೂ ಎಫ್‌ಐಆರ್ ಹಾಕಲಿಲ್ಲ. ಅದೇ ಫೆಬ್ರುವರಿಯಲ್ಲಿ ಬಿಬಿಎಂಪಿಯವರೂ ಟೌನ್‌ಹಾಲ್ ಮುಂದೆ ಪ್ರತಿಭಟನೆ ಬೇಡ ಎಂದು ಠರಾವು ಮಾಡಿದರು. ಕಾರಣ, ಗಲಾಟೆಯಿಂದ ಸಭಾಂಗಣದ ಬುಕಿಂಗ್ ಕಮ್ಮಿಯಾಗಿದೆ. ಮಾತಾಡುವ, ಸಭೆ ಸೇರುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿಗೆ ಎಷ್ಟೋ ನಿರ್ಬಂಧಗಳಿವೆ, ಬಾಡಿಗೆ ನಷ್ಟ ಎಂಬುದೊಂದು ಸೇರಿರಲಿಲ್ಲ.

ಈ ಕೇಸುಗಳ ಎಫ್‌ಐಆರ್ ಓದುವುದು ಒಂದು ಸುಖ. ಯಾವ ಠಾಣೆಯದಾದರೂ ತೆಗೆಯಿರಿ, ಧಾಟಿ ಒಂದೇ: ಬಂದೋಬಸ್ತ್ ಕರ್ತವ್ಯದಲ್ಲಿರುವಾಗ, ಸುಮಾರು 40ರಿಂದ 50 ಜನರು ಅಕ್ರಮ ಕೂಟ ಕಟ್ಟಿಕೊಂಡು, ಪೂರ್ವಾನುಮತಿ ಪಡೆಯದೆ, ಕೈಯಲ್ಲಿ ಫಲಕಗಳನ್ನು ಹಿಡಿದುಕೊಂಡು, ಘೋಷಣೆ ಕೂಗುತ್ತಾ, ಸಾರ್ವಜನಿಕರ ಓಡಾಟಕ್ಕೆ ಅಡಚಣೆ ಉಂಟುಮಾಡಿರುತ್ತಾರೆ. ‘ಫಲಕ’ ಬರುವ ಜಾಗದಲ್ಲಿ ‘ಮಚ್ಚು’ ಎಂದು ಹಾಕಿ ಓದಿ, ವಾಕ್ಯ ಸ್ವಲ್ಪವೂ ಅಲುಗುವುದಿಲ್ಲ. ದೂರು ಕೊಟ್ಟವರು ಸಬ್ ಇನ್ಸ್‌ಪೆಕ್ಟರು, ದಾಖಲಿಸಿಕೊಂಡವರು ಪಕ್ಕದ ಮೇಜಿನವರು, ಸಾಕ್ಷಿ ಇಬ್ಬರು ಪೇದೆಗಳು. ಅಡಚಣೆಯಾಯಿತು ಎನ್ನಲಾದ ಆ ಸಾರ್ವಜನಿಕರು ಮಾತ್ರ ಎಲ್ಲೂ ಸಿಗುವುದಿಲ್ಲ. ಆರೋಪಿಗಳ ಪಟ್ಟಿಯಲ್ಲಿ ಮೊದಲ ನಾಲ್ಕಾರು ಹೆಸರು ಆದಮೇಲೆ ‘ಮತ್ತು ಇತರರು’. ಈ ಇತರರಲ್ಲಿ ಯಾರೂ ಇರಬಹುದು, ಅಂದು ಅಲ್ಲಿ ಟೀ ಕುಡಿಯುತ್ತಾ ನಿಂತಿದ್ದ ನೀವೂ ಕೂಡ.

ಆ ಸಂಜೆ ಎಲ್ಲರನ್ನೂ ಬಿಟ್ಟು ಕಳಿಸುತ್ತಾರೆ, ಕೆಲವೊಮ್ಮೆ ಪಲಾವ್ ಪೊಟ್ಟಣ ಕೊಟ್ಟು. ಅಸಲಿ ಆಟ ಶುರುವಾಗುವುದು ವರ್ಷಗಳಾದ ಮೇಲೆ, ಘೋಷಣೆ ಏನಿತ್ತೆಂಬುದನ್ನೇ ಕೂಗಿದವರು ಮರೆತಿರುವಾಗ. ಸಮನ್ಸ್ ಬರುತ್ತದೆ. ವಕೀಲರು, ಜಾಮೀನು, ಜಾಮೀನುದಾರರ ಪಹಣಿ. ದಿನಗೂಲಿಯವರಾದರೆ ಒಂದು ದಿನದ ಕೂಲಿ ಬಿಟ್ಟು ಕೋರ್ಟು ಹಾಲಿನ ಬಾಗಿಲಲ್ಲಿ ನಿಲ್ಲಬೇಕು. ಒಳಗೆ ಹೆಸರು ಕೂಗಿ, ಮುಂದಿನ ವಾಯಿದಾ ಕೊಟ್ಟು ಕಳಿಸುತ್ತಾರೆ. ಶಿಕ್ಷೆಯಾಗುವುದೋ ಇಲ್ಲವೋ, ಓಡಾಟವಂತೂ ಖಾತ್ರಿ.

ದೊಡ್ಡವರಿಗೂ ಈ ರುಚಿ ಗೊತ್ತು. 2022ರ ಏಪ್ರಿಲ್‌ನಲ್ಲಿ ಸಿದ್ದರಾಮಯ್ಯನವರು ವಿರೋಧ ಪಕ್ಷದ ನಾಯಕರಾಗಿದ್ದರು. ಸಚಿವ ಈಶ್ವರಪ್ಪ ರಾಜೀನಾಮೆ ಕೊಡಲಿ ಎಂದು ಮುಖ್ಯಮಂತ್ರಿ ಬೊಮ್ಮಾಯಿ ಮನೆಯತ್ತ ಮೆರವಣಿಗೆ ಹೊರಟರು, ರಸ್ತೆ ತಡೆದರೆಂದು ಕೇಸಾಯಿತು. ಕೇಸು ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋದರೆ 2024ರ ಫೆಬ್ರುವರಿಯಲ್ಲಿ ಅವರಿಗೂ ಸಂಗಡಿಗರಿಗೂ ತಲಾ 10,000 ರೂಪಾಯಿ ದಂಡ ಬಿತ್ತು. ಅಷ್ಟರಲ್ಲಿ ಅವರೇ ಮುಖ್ಯಮಂತ್ರಿ! ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ಇಷ್ಟು ಅನುಭವಿಸಿದವರು ಫ್ರೀಡಂ ಪಾರ್ಕಿನ ಆ ಆದೇಶವನ್ನು ಕಿತ್ತು ಬಿಸಾಡಿದರೇ? ಎಲ್ಲಿಯ ಮಾತು. ಬಿಜೆಪಿ ಕಾಲದಲ್ಲಿ ಬಂದ ಆದೇಶ ಕಾಂಗ್ರೆಸ್ ಕಾಲದಲ್ಲೂ ಗುಂಡುಕಲ್ಲಿನಂತಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಂದು ಬಸ್ಸಿಗೆ ಹತ್ತಿಸಿದವರು ಇಂದು ಅದೇ ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಎನ್ನುತ್ತಿದ್ದಾರೆ. ಕಗ್ಗೊಲೆ ಎಂಬ ಪದ ಎರಡೂ ಪಕ್ಷದವರ ಹತ್ತಿರ ಒಂದೇ ಅಚ್ಚಿನಲ್ಲಿದೆ, ನೋಡಿ ಬೇಕಾದರೆ.

ದೇವನಹಳ್ಳಿಯ ರೈತರ ಕತೆ ಇನ್ನೂ ಚೆಂದ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಸರ್ಕಾರದ ಸ್ವಾಧೀನಕ್ಕೆ ಕೊಡುವುದಿಲ್ಲ ಎಂದು ಮೂರು ವರ್ಷಕ್ಕೂ ಮಿಕ್ಕಿ ಕೂತಿದ್ದರು. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ಮಾಡಿದರು. ಸಂಜೆ ಪೊಲೀಸರು ಎಳೆದಾಡಿ ಬಸ್ಸಿಗೆ ತುಂಬಿದರು. ಭೂಮಿ ಅಲ್ಲಿದೆ, ಬೆಳೆ ಅಲ್ಲಿದೆ, ಅದನ್ನು ಕೇಳಲು ಮಾತ್ರ ಫ್ರೀಡಂ ಪಾರ್ಕಿಗೆ ಬಂದು ಕೂರಬೇಕಾಯಿತು. ಜುಲೈ 15ಕ್ಕೆ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಜೂನ್‌ನಲ್ಲಿ ಅಪರಾಧವಾಗಿದ್ದ ಬೇಡಿಕೆ ಮೂರೇ ವಾರದಲ್ಲಿ ಸರ್ಕಾರದ ರೈತಪರ ನಿಲುವಾಗಿ ಹೋಯಿತು.

ಅದೇ ಜೂನ್ ತಿಂಗಳ 4ನೇ ತಾರೀಕು ಆರ್‌ಸಿಬಿ ಕಪ್ ಗೆದ್ದು ಬಂದಿತ್ತು. ಪೂರ್ವಾನುಮತಿ, ಗಡಿ, ಟ್ರಾಫಿಕ್ಕು ಎಲ್ಲ ಆ ಒಂದು ದಿನ ರಜೆ ಹಾಕಿದ್ದವು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರವೇ ನಿಂತು ಆಟಗಾರರನ್ನು ಸನ್ಮಾನಿಸಿತು. ಅತ್ತ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಕೈಯಲ್ಲಿ ಫಲಕ ಹಿಡಿದ ಐವತ್ತು ಜನರಿಗೆ ಹೆದರುವ ವ್ಯವಸ್ಥೆಗೆ ಲಕ್ಷಗಟ್ಟಲೆ ಜನ ಕಣ್ಣಿಗೇ ಬೀಳಲಿಲ್ಲ, ಏಕೆಂದರೆ ಅವರಾರೂ ಏನನ್ನೂ ಕೇಳುತ್ತಿರಲಿಲ್ಲ.

ಹಾಗಾಗಿ ಅಂಗನವಾಡಿ ಅಕ್ಕಂದಿರೇ, ಪೌರಕಾರ್ಮಿಕರೇ, ರೈತಣ್ಣಗಳೇ, ಮುಂದಿನ ಸಲ ಅರ್ಜಿ ಕೊಡುವಾಗ ‘ಉದ್ದೇಶ’ ಎಂಬ ಕಡೆ ‘ವೇತನ ಹೆಚ್ಚಳ’ ಎಂದು ಬರೆಯಬೇಡಿ. ‘ವಿಜಯೋತ್ಸವ’ ಎಂದು ಬರೆಯಿರಿ. ಯಾರು ಗೆದ್ದದ್ದು ಎಂದು ಕೇಳಿದರೆ, ಸದ್ಯಕ್ಕೆ ಸರ್ಕಾರವೇ ಅಂತ ಹೇಳಿ.